ಓದುಗರ ಪ್ರಶ್ನೆ, ನಮ್ಮ ಉತ್ತರ: ಸೀಸದ ಗುಂಡಿಗೆ ಯಾವ ಲೇಪ?

ಹೋದ ಸಂಚಿಕೆಯಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಿಂದ ಬಂದ ಪ್ರಶ್ನೆಯೊಂದನ್ನು ಅಚ್ಚುಮಾಡಿ, ಉತ್ತರವನ್ನು ಈ ತಿಂಗಳು ಕೊಡುವುದಾಗಿ ತಿಳಿಸಿದ್ದೆವು. ಅಷ್ಟರಲ್ಲಿ ಅದೇ ವಿಷಯವನ್ನು ಹಿಡಿದು ಇನ್ನೂ ಮೂರು ಪತ್ರಗಳು ಬಂದಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಲೋಹಶಾಸ್ತ್ರವನ್ನು ಬಹುಕಾಲ ಪಾಠ ಹೇಳಿ ನಿವೃತ್ತರಾದ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ (ಹ್ಯೂಸ್ಟನ್, ಟೆಕ್ಸಸ್): ಮಾನ್ಯರೇ, ಕಿಟಕಿ, ಗ್ರಿಲ್ಲುಗಳಿಗೆ ಮಾಡುವ ಪೌಡರ್ ಕೋಟಿಂಗ್ ಬಗ್ಗೆ ನೀವು ಬರೆದದ್ದನ್ನು ಓದಿದೆ. ನನ್ನ ಪ್ರಶ್ನೆ ಅದೇ ಪುಡಿಯ ಇನ್ನೊಂದು ಬಳಕೆಗೆ ಸಂಬಂಧಿಸಿದ್ದು. ಸಹೋದ್ಯೋಗಿಯೊಬ್ಬರ ಸಹವಾಸದಿಂದ ನನಗೆ ಗುರಿ ಹೊಡೆಯುವ ಹವ್ಯಾಸ ಹತ್ತಿ ಮೂರು ವರ್ಷವಾಯಿತು. .38 ಸ್ಪೆಷಲ್ ರಿವಾಲ್ವರಿಗೂ 9 ಎಂಎಂ ಪಿಸ್ತೂಲಿಗೂ ಬೇಕಾದ ಸೀಸದ ಗುಂಡುಗಳನ್ನು ಗ್ಯಾರೇಜಿನಲ್ಲಿ ನಾನೇ ಎರಕ ಹೊಯ್ದುಕೊಳ್ಳುತ್ತೇನೆ. ಇದುವರೆಗೆ ಆಲಾಕ್ಸ್ ಎಂಬ ಜಿಡ್ಡನ್ನು ದ್ರವರೂಪದಲ್ಲಿ ಸವರುತ್ತಿದ್ದೆ. ಅದರ ಅಂಟು, ಹೊಗೆ ಎರಡೂ ಸಾಕಾಗಿವೆ. ಮೇಲಾಗಿ 9 ಎಂಎಂ ಬ್ಯಾರೆಲ್ಲಿನೊಳಗೆ ಸೀಸ ಮೆತ್ತಿಕೊಳ್ಳುತ್ತಿದೆ. ಒಬ್ಬರು ಪೌಡರ್ ಕೋಟಿಂಗ್ ಮಾಡು ಎನ್ನುತ್ತಾರೆ, ಇನ್ನೊಬ್ಬರು ಹೈ-ಟೆಕ್ ಎಂಬ ಲೇಪ ಎನ್ನುತ್ತಾರೆ, ಮತ್ತೊಬ್ಬರು ತಾಮ್ರದ ಪ್ಲೇಟಿಂಗೇ ಮೇಲು ಎನ್ನುತ್ತಾರೆ. ಯಾವುದನ್ನು ಹಿಡಿಯಲಿ?

ಉತ್ತರ: ತೂತು ಬಿದ್ದ ಕೊಳಗಕ್ಕೆ ಕಲಾಯಿ ಹಾಕಿಸಿ ಪ್ರಯೋಜನವಿಲ್ಲ ಎಂಬುದು ನಮ್ಮ ಅಡುಗೆಮನೆಗಳಿಗೆ ಗೊತ್ತಿರುವ ಸಂಗತಿ. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಲೇಪಗಳ ಹೆಸರುಗಳಿಗಿಂತ ‘ಬ್ಯಾರೆಲ್ಲಿನೊಳಗೆ ಸೀಸ ಮೆತ್ತಿಕೊಳ್ಳುತ್ತಿದೆ’ ಎಂಬ ಮಾತು. ಅದಕ್ಕೆ ಕಾರಣ ಹುಡುಕದೆ ಲೇಪ ಬದಲಿಸಿದರೆ, ನಾಲ್ಕು ತಿಂಗಳ ನಂತರ ನೀವು ಬೇರೆ ಬಣ್ಣದ ಗುಂಡುಗಳ ಬಗ್ಗೆ ಇದೇ ದೂರನ್ನು ಬರೆಯುತ್ತೀರಿ.

ಸೀಸ ಮೆತ್ತಿಕೊಳ್ಳುವುದಕ್ಕೆ ಬಹುಪಾಲು ಕಾರಣ ಗುಂಡು ಬ್ಯಾರೆಲ್ಲಿಗಿಂತ ಸಣ್ಣದಾಗಿರುವುದು. ಹಿಂದಿನಿಂದ ನೂಕುವ ಬಿಸಿ ಅನಿಲ ಆ ಸಂದಿನಲ್ಲಿ ನುಗ್ಗಿ, ಗುಂಡಿನ ಬದಿಯನ್ನು ಊದುಕೊಳವೆಯ ಜ್ವಾಲೆಯಂತೆ ಕರಗಿಸಿ, ಕರಗಿದ್ದನ್ನು ಮುಂದಿನ ಉಕ್ಕಿನ ಮೇಲೆ ಬಳಿಯುತ್ತದೆ. ತಾಮ್ರದ ಹೊದಿಕೆಯ 9 ಎಂಎಂ ಗುಂಡಿನ ಅಡ್ಡಳತೆ .355 ಇಂಚು. ಅದನ್ನು ನೋಡಿ ಅನೇಕರು ಎರಕದ ಗುಂಡನ್ನೂ ಅದೇ ಅಳತೆಗೆ ಇಳಿಸುತ್ತಾರೆ; ಎಲ್ಲ ಎಡವಟ್ಟೂ ಅಲ್ಲಿಂದಲೇ ಶುರು. ಎರಕದ ಗುಂಡು ಸಾಮಾನ್ಯವಾಗಿ .356ರಿಂದ .358ರವರೆಗೆ ಇರಬೇಕಾಗುತ್ತದೆ. ನಿಮ್ಮ ಬ್ಯಾರೆಲ್ಲಿಗೆ ಇವುಗಳಲ್ಲಿ ಯಾವುದು ಎಂಬುದನ್ನು ಕೈಪಿಡಿ ಹೇಳಲಾರದು, ಬ್ಯಾರೆಲ್ಲೇ ಹೇಳಬೇಕು. ಖಾಲಿ ಪಿಸ್ತೂಲಿನಿಂದ ಬಿಚ್ಚಿ ತೆಗೆದ ಬ್ಯಾರೆಲ್ಲಿಗೆ ಎಣ್ಣೆ ಸವರಿ, ಮೆತ್ತನೆಯ ಶುದ್ಧ ಸೀಸದ ತುಂಡೊಂದನ್ನು ಮರದ ಕೋಲಿನಿಂದ ಆ ತುದಿಯಿಂದ ಈ ತುದಿಗೆ ತಟ್ಟಿ ಹೊರಡಿಸಿ, ಅದರ ಅತಿ ಹೆಚ್ಚಿನ ಅಡ್ಡಳತೆಯನ್ನು ಮೈಕ್ರೋಮೀಟರಿನಲ್ಲಿ ನೋಡಿಕೊಳ್ಳಿ. ನಿಮ್ಮ ಗುಂಡು ಅದಕ್ಕಿಂತ ಒಂದು ಥೌ, ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ದಪ್ಪವಿರಲಿ. ವರ್ನಿಯರ್ ಸಾಲದು, ಒಂದು ಥೌಗಾಗಿ ಒದ್ದಾಡುವಾಗ ಅರ್ಧ ಥೌ ತಪ್ಪು ಹೇಳುವ ಸಾಧನ ಇಲ್ಲದಿದ್ದರೇ ಒಳ್ಳೆಯದು. ರಿವಾಲ್ವರಿನಲ್ಲಿ ಇನ್ನೊಂದು ತೊಡಕಿದೆ. ತಿರುಗುವ ಸಿಲಿಂಡರಿನ ಬಾಯಿ ಬ್ಯಾರೆಲ್ಲಿಗಿಂತ ಕಿರಿದಾಗಿದ್ದರೆ, ಎಷ್ಟೇ ದಪ್ಪದ ಗುಂಡು ಹಾಕಿದರೂ ಅದು ಅಲ್ಲಿಯೇ ಸವೆದು ಸಣ್ಣದಾಗಿ ಬ್ಯಾರೆಲ್ಲನ್ನು ಸೇರುತ್ತದೆ.

ಸೀಸ ಎಲ್ಲಿ ಮೆತ್ತಿದೆ ಎಂಬುದನ್ನೂ ನೋಡಿ. ಬ್ಯಾರೆಲ್ಲಿನ ಆರಂಭದಲ್ಲೇ ಇದ್ದರೆ ಗುಂಡು ಸಣ್ಣದಾಗಿದೆ ಎಂದು ಅನುಮಾನಿಸಬೇಕು. ತುದಿಯ ಹತ್ತಿರ ಮಾತ್ರ ಇದ್ದರೆ ಜಿಡ್ಡು ದಾರಿಯಲ್ಲಿಯೇ ಮುಗಿದಿದೆ. ಇದ್ದುದನ್ನು ತೆಗೆಯಲು ಅಪ್ಪಟ ತಾಮ್ರದ ನಾರನ್ನು ಬ್ರಷ್ಷಿಗೆ ಸುತ್ತಿ ಉಜ್ಜುವುದು ಸಾಕು. ಕೊಳ್ಳುವಾಗ ಆ ನಾರಿಗೆ ಅಯಸ್ಕಾಂತ ಹಿಡಿದು ನೋಡಿ, ತಾಮ್ರದ ಲೇಪ ಕೊಟ್ಟ ಉಕ್ಕಿನ ನಾರೂ ಅಂಗಡಿಯಲ್ಲಿ ಸಿಗುತ್ತದೆ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಸುರಿದರೆ ಸೀಸ ಕರಗುತ್ತದೆ ಎಂದು ಹೇಳುವವರ ಮಾತನ್ನು ಖಂಡಿತ ಕೇಳಬೇಡಿ. ಅದರಲ್ಲಿ ಹುಟ್ಟುವುದು ಸೀಸದ ಅಸಿಟೇಟ್. ನೀರಿನಲ್ಲಿ ಕರಗಿ ಸುಲಭವಾಗಿ ಮೈಸೇರುವ ವಿಷ.

ಇನ್ನು ಲೇಪಗಳಿಗೆ ಬರೋಣ. ನೀವು ಬೇಸತ್ತಿರುವ ಜಿಡ್ಡಿನ ಪಕ್ಷವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಈಗಿನವರು ಅದನ್ನು ಅನ್ಯಾಯವಾಗಿ ಹಳಿಯುತ್ತಾರೆ. ಗುಂಡಿನ ಸುತ್ತ ಕೊರೆದ ಗೀರುಗಳಲ್ಲಿ ಜೇನುಮೇಣ ಮತ್ತು ಆಲಾಕ್ಸ್ ಸಮಪಾಲು ಬೆರೆಸಿದ ಜಿಡ್ಡನ್ನು ತುಂಬುವ ಕ್ರಮ ಅಮೆರಿಕದಲ್ಲಿ ದಶಕಗಳಿಂದ ನಡೆದುಬಂದಿದೆ. ನ್ಯಾಷನಲ್ ರೈಫಲ್ ಅಸೋಸಿಯೇಷನ್ನಿನ ಹೆಸರಿನಲ್ಲೇ ಆ ಮಿಶ್ರಣ ಪ್ರಸಿದ್ಧವಾಗಿದೆ. ಒಲೆ ಬೇಡ, ಪುಡಿ ಬೇಡ, ಗುಂಡಿನ ಅಳತೆಯನ್ನೂ ಅದು ಬದಲಿಸುವುದಿಲ್ಲ. ನಿಧಾನವಾಗಿ ಸಾಗುವ .38 ಸ್ಪೆಷಲ್ ಗುಂಡಿಗೆ ಅದರಲ್ಲಿ ಯಾವ ಕೊರತೆಯೂ ಇಲ್ಲ. ಕಷ್ಟವೆಂದರೆ ಬೇಸಗೆಯಲ್ಲಿ ಕಾರಿನೊಳಗೆ ಇಟ್ಟ ಡಬ್ಬಿಯಲ್ಲಿ ಅದು ಇಳಿಯುತ್ತದೆ, ಧೂಳನ್ನು ಹಿಡಿಯುತ್ತದೆ, ಮುಚ್ಚಿದ ಶೂಟಿಂಗ್ ಕೇಂದ್ರದಲ್ಲಿ ಮೂರು ಸುತ್ತು ಹೊಡೆಯುವುದರೊಳಗೆ ಗುರಿಹಲಗೆ ಹೊಗೆಯಲ್ಲಿ ಮಸುಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಜಿಡ್ಡು ಹಚ್ಚಿದ ಗುಂಡನ್ನು ಮುಟ್ಟಿದ ಬೆರಳು ಸೀಸವನ್ನೇ ಮುಟ್ಟಿರುತ್ತದೆ.

ಪೌಡರ್ ಕೋಟಿಂಗ್ ಎಂದರೆ ನಮ್ಮ ಪೀಣ್ಯದ ಶೆಡ್ಡುಗಳಲ್ಲಿ ಅಲ್ಯೂಮಿನಿಯಂ ಕಿಟಕಿಗೆ ಮಾಡುವ ಅದೇ ಕೆಲಸ. ಪಾಲಿಯೆಸ್ಟರ್ ರಾಳದ ನುಣುಪಾದ ಪುಡಿ ವಿದ್ಯುದಾವೇಶದಿಂದ ಲೋಹಕ್ಕೆ ಅಂಟಿಕೊಳ್ಳುತ್ತದೆ, ಒಲೆಯಲ್ಲಿ ಕರಗಿ ಹರಡುತ್ತದೆ, ಅನಂತರ ಅಣುಗಳು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಶೆಡ್ಡಿನಲ್ಲಿ ಇದಕ್ಕೆ ಪುಡಿ ಸಿಂಪಡಿಸುವ ಗನ್ ಬೇಕು, ವಿದ್ಯುತ್ ಬೇಕು. ಗುಂಡು ಹೊಯ್ಯುವ ಹವ್ಯಾಸಿಗಳು ಮಾತ್ರ ಅದನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಗಿಸಿಬಿಟ್ಟಿದ್ದಾರೆ. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇರುವ ಪಾಲಿಪ್ರೊಪಿಲೀನ್ ಡಬ್ಬಿಯೊಳಗೆ ಗುಂಡುಗಳು, ಒಂದು ಚಮಚ ಪುಡಿ ಮತ್ತು ಆಟಿಕೆ ಬಂದೂಕಿನ ಒಂದು ಹಿಡಿ ಪ್ಲಾಸ್ಟಿಕ್ ಮಣಿಗಳನ್ನು ಹಾಕಿ ಕುಲುಕಿದರೆ, ತಿಕ್ಕಾಟದಿಂದ ಹುಟ್ಟುವ ಸ್ಥಾಯೀ ವಿದ್ಯುತ್ತೇ ಪುಡಿಯನ್ನು ಗುಂಡಿಗೆ ಮೆತ್ತಿಸುತ್ತದೆ.

ಹಿಂದೊಮ್ಮೆ ಅರಿಜೋನಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಇದನ್ನು ಮಾಡುವುದನ್ನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ನೋಡಿದ್ದೇನೆ. ಕುಲುಕಿದ ಡಬ್ಬಿಯ ಮುಚ್ಚಳ ತೆಗೆದಾಗ ಒಳಗಿದ್ದದ್ದು ಕುಂಕುಮದ ಭರಣಿಯಲ್ಲಿ ಬಿದ್ದ ಕಡಲೆಕಾಳುಗಳಂತೆ ಕಾಣುತ್ತಿತ್ತು. ಅವರು ಇಕ್ಕಳದಿಂದ ಒಂದೊಂದನ್ನೇ ಎತ್ತಿ, ಅಂಟದ ಹಾಳೆಯ ಮೇಲೆ ನಿಲ್ಲಿಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನ ಪುಟ್ಟ ಒಲೆಯಲ್ಲಿ ಇಪ್ಪತ್ತು ನಿಮಿಷ ಇಟ್ಟರು. ಹೊರಬಂದ ಗುಂಡುಗಳು ಗಾಜಿನ ಬಳೆಯಂತೆ ಹೊಳೆಯುತ್ತಿದ್ದವು. ನನಗೆ ಹೊಳಪಿನ ಮೇಲೆ ನಂಬಿಕೆ ಕಡಿಮೆ. ಒಂದನ್ನು ಕಬ್ಬಿಣದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆಯಾಗುವಂತೆ ಬಡಿಯಲು ಹೇಳಿದೆ. ಗುಂಡು ನಾಣ್ಯದಂತಾಯಿತು, ಆದರೆ ಅಂಚಿನ ಸುತ್ತ ಕೆಂಪು ಪದರ ಒಣಗಿದ ಸುಣ್ಣದ ಚಕ್ಕೆಯಂತೆ ಎದ್ದು ಬಂತು. ಒಲೆಯ ಮುಳ್ಳು 200 ತೋರಿಸುತ್ತಿದ್ದರೂ ಒಳಗಿನ ಸೀಸ ಅಷ್ಟು ಕಾದಿರಲಿಲ್ಲ. ಇಪ್ಪತ್ತು ನಿಮಿಷವನ್ನು ಎಣಿಸಬೇಕಾದದ್ದು ಒಲೆ ಹಚ್ಚಿದ ಗಳಿಗೆಯಿಂದಲ್ಲ, ಗುಂಡಿನ ಮೈ ಆ ಶಾಖಕ್ಕೆ ಬಂದ ಗಳಿಗೆಯಿಂದ. ಎರಡನೆಯ ಸಲ ಒಲೆಯೊಳಗೆ ಬೇರೆ ಥರ್ಮಾಮೀಟರ್ ಇಟ್ಟು, ಹತ್ತು ನಿಮಿಷ ಹೆಚ್ಚಿಗೆ ಬಿಟ್ಟೆವು. ಅದೇ ಸುತ್ತಿಗೆ, ಅದೇ ಪೆಟ್ಟು. ಪದರ ಸೀಸದ ಜೊತೆಯಲ್ಲೇ ಹಿಗ್ಗಿತು, ಒಂದು ಚಕ್ಕೆಯೂ ಏಳಲಿಲ್ಲ. ಪ್ರತಿ ಒಬ್ಬೆಯಲ್ಲೂ ಒಂದು ಗುಂಡನ್ನು ಹೀಗೆ ಬಲಿ ಕೊಡಿ.

ಶಾಖವನ್ನು ಸಿಕ್ಕಾಪಟ್ಟೆ ಏರಿಸುವಂತೆಯೂ ಇಲ್ಲ. ಶುದ್ಧ ಸೀಸ ಕರಗುವುದು 327 ಡಿಗ್ರಿಯಲ್ಲಿ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಆಂಟಿಮನಿ ಮತ್ತು ತವರ ಬೆರೆತ ಸೀಸ 240 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಬ್ರೆಡ್ ಸುಡುವ ಅಗ್ಗದ ಒಲೆಗಳಲ್ಲಿ ಮೂವತ್ತು ಡಿಗ್ರಿ ಮೇಲೆ ಕೆಳಗೆ ಆಗುವುದು ಮಾಮೂಲು, ಅದರ ಮೇಲೆ ಕೆಂಪಗೆ ಕಾದ ತಂತಿಗೆ ಹತ್ತಿರವಿರುವ ಗುಂಡಿಗೆ ನೇರ ಝಳ ಬೇರೆ. ತಟ್ಟೆಯ ಮೂಲೆಯಲ್ಲಿ ಎರಡು ಗುಂಡುಗಳು ಬೆಣ್ಣೆಯಂತೆ ಕುಸಿದು ಕುಳಿತದ್ದನ್ನು ಕಂಡ ಮೇಲೆ ಅಳಿಯಂದಿರು ತಂತಿಗೂ ತಟ್ಟೆಗೂ ನಡುವೆ ಒಂದು ಉಕ್ಕಿನ ಹಾಳೆ ಸಿಕ್ಕಿಸಿದರು. ಎರಕ ಹೊಯ್ದ ಕೂಡಲೇ ನೀರಿಗೆ ಹಾಕಿ ಗಡಸು ಮಾಡಿದ ಗುಂಡಾದರೆ, ಈ ಬೇಯಿಸುವಿಕೆಯಲ್ಲಿ ಆ ಗಡಸು ಇಳಿದುಹೋಗುತ್ತದೆ ಎಂಬುದೂ ನೆನಪಿರಲಿ. ಒಲೆಯಿಂದ ತೆಗೆದ ತಕ್ಷಣ ಮತ್ತೆ ನೀರಿಗೆ ಹಾಕಿದರೆ ಸ್ವಲ್ಪ ಮಟ್ಟಿಗೆ ಮರಳುತ್ತದೆ. ನಿಮ್ಮ ಪಿಸ್ತೂಲಿಗೆ ಅಷ್ಟು ಗಡಸು ಬೇಕಾಗಿಯೂ ಇಲ್ಲ.

ಪುಡಿಯ ಪದರ ಗುಂಡಿನ ಅಡ್ಡಳತೆಯನ್ನು ಎರಡು ಮೂರು ಥೌ ಹೆಚ್ಚಿಸುತ್ತದೆ. ಆದ್ದರಿಂದ ಗುಂಡನ್ನು ಬೇಕಾದ ಅಳತೆಗೆ ಇಳಿಸುವ ಸೈಜಿಂಗ್ ಡೈಯಲ್ಲಿ ತೂರಿಸುವ ಕೆಲಸ ಲೇಪ ಗಟ್ಟಿಯಾದ ಮೇಲೆ ನಡೆಯಬೇಕು. ಆಮೇಲೆ ತಯಾರಾದ ತೋಟೆಯೊಂದನ್ನು ಬಿಚ್ಚಿದ ಬ್ಯಾರೆಲ್ಲಿನ ಕೋಣೆಗೆ ಕೈಬಿಟ್ಟು, ‘ಟಕ್’ ಎಂದು ಕುಳಿತು ತಿರುವಿದರೆ ತಾನಾಗಿ ಬೀಳುತ್ತದೆಯೇ ಎಂದು ಪರೀಕ್ಷಿಸಬೇಕು. ದಪ್ಪ ಮೂತಿಯ ಗುಂಡುಗಳು ಲೇಪದಿಂದ ಇನ್ನಷ್ಟು ದಪ್ಪವಾಗಿ ಅರ್ಧದಲ್ಲೇ ಸಿಕ್ಕಿಕೊಳ್ಳುವುದುಂಟು. ಮದ್ದಿನ ಪ್ರಮಾಣದ ಬಗ್ಗೆ ಈ ಅಂಕಣದಲ್ಲಿ ನಾನು ಒಂದಕ್ಷರವನ್ನೂ ಬರೆಯುವುದಿಲ್ಲ. ಅದು ಮದ್ದು ತಯಾರಕರ ಇತ್ತೀಚಿನ ಕೈಪಿಡಿಯಲ್ಲಿರುವಂತೆಯೇ ಇರಬೇಕು.

ಹೈ-ಟೆಕ್ ಆಸ್ಟ್ರೇಲಿಯಾದಿಂದ ಬಂದ ಲೇಪ. ಬಣ್ಣದ ಪಾಲಿಮರ್ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ, ಆ ದ್ರವವನ್ನು ಅಳತೆಯಾಗಿ ಗುಂಡುಗಳ ಮೇಲೆ ಸುರಿದು ಉರುಳಿಸಿ, ಪೂರ್ತಿ ಆರಲು ಬಿಟ್ಟು, 200 ಡಿಗ್ರಿಯ ಸುಮಾರಿನಲ್ಲಿ ಹತ್ತು ನಿಮಿಷದಷ್ಟು ಬೇಯಿಸುತ್ತಾರೆ. ಇದೇ ಕೆಲಸವನ್ನು ಎರಡು ಅಥವಾ ಮೂರು ಸಲ ಮಾಡುತ್ತಾರೆ. ಪದರ ತೀರ ತೆಳ್ಳಗಿರುವುದರಿಂದ ಅಳತೆ ಅಷ್ಟಾಗಿ ಬದಲಾಗುವುದಿಲ್ಲ, ಗುಂಡುಗಳನ್ನು ಇಕ್ಕಳದಿಂದ ಎತ್ತಿ ನಿಲ್ಲಿಸಬೇಕಾಗಿಲ್ಲ, ಜಾಲರಿಯ ಬುಟ್ಟಿಯಲ್ಲಿ ರಾಶಿಯಾಗಿಯೇ ಬೇಯುತ್ತವೆ. ಗುಂಡು ಮಾರುವ ಸಣ್ಣ ಕಾರ್ಖಾನೆಗಳು ಇದನ್ನು ಒಪ್ಪಿಕೊಂಡದ್ದು ಈ ಕಾರಣಕ್ಕೆ. ಪರೀಕ್ಷೆಯೂ ಸುಲಭ: ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಬಣ್ಣ ಬಟ್ಟೆಗೆ ಹತ್ತಿದರೆ ಬೆಂದಿಲ್ಲ ಎಂದರ್ಥ. ಆದರೆ ಇದು ಅವಸರದವರ ಲೇಪವಲ್ಲ. ಮೊದಲ ಪದರ ಒಂದಿಷ್ಟು ದಪ್ಪವಾದರೂ, ಅಸಿಟೋನ್ ಸ್ವಲ್ಪ ಉಳಿದಿದ್ದರೂ ಮುಂದಿನ ಪದರಗಳೆಲ್ಲ ಸಿಪ್ಪೆಯಂತೆ ಸುಲಿಯುತ್ತವೆ. ಕಲಾಯಿಯವರು ಪಾತ್ರೆಯನ್ನು ನವಸಾಗರದಿಂದ ಉಜ್ಜದೆ ತವರವನ್ನು ಮುಟ್ಟುವುದಿಲ್ಲ. ಇಲ್ಲಿಯೂ ಕೈಯ ಎಣ್ಣೆ, ಅಚ್ಚಿಗೆ ಸವರಿದ ಜಿಡ್ಡು, ಹಳೆಯ ಆಲಾಕ್ಸ್ ಯಾವುದೂ ಗುಂಡಿನ ಮೇಲೆ ಇರಕೂಡದು. ಅಸಿಟೋನಿನ ಆವಿಗೆ ಒಂದು ಕಿಡಿ ಸಾಕು, ಆದ್ದರಿಂದ ಅದನ್ನು ಕಲಸುವ ಜಾಗ ಬೇರೆ, ಒಲೆ ಇಡುವ ಜಾಗ ಬೇರೆ.

ತಾಮ್ರದ ಪ್ಲೇಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಪ್ಲೇಟಿಂಗ್ ಗುಂಡುಗಳು ಚೆನ್ನಾಗಿಯೇ ಇರುತ್ತವೆ, ಆದರೆ ಅದು ಕಾರ್ಖಾನೆಯ ಕೆಲಸ. ಸೀಸದ ಮೇಲೆ ತಾಮ್ರ ಬಿಗಿಯಾಗಿ ಹಿಡಿಯಲು ಮೊದಲ ತೆಳುಪದರವನ್ನು ಸಾಮಾನ್ಯವಾಗಿ ಸಯನೈಡ್ ದ್ರಾವಣದಲ್ಲಿ ಕೊಡುತ್ತಾರೆ. ಮನೆಯ ಗ್ಯಾರೇಜಿನಲ್ಲಿ ಅದರ ಮಾತೇ ಬೇಡ. ಮೈಲುತುತ್ತ ಮತ್ತು ಬ್ಯಾಟರಿ ಆಮ್ಲದಲ್ಲಿ ಮಾಡಿದ ಪ್ಲೇಟಿಂಗ್ ಉಗುರಿಗೆ ಕಿತ್ತು ಬರುತ್ತದೆ.

ಹಾಗಾದರೆ ನಿಮಗೆ? .38ಕ್ಕೆ ಈಗಿರುವ ಜಿಡ್ಡನ್ನೇ ತೆಳ್ಳಗೆ ಸವರಿ ಮುಂದುವರಿದರೂ ನಡೆಯುತ್ತದೆ. 9 ಎಂಎಂಗೆ ಬ್ಯಾರೆಲ್ ಅಳೆದು, ಗುಂಡಿನ ಗಾತ್ರ ಸರಿಪಡಿಸಿದ ಮೇಲೆ, ಡಬ್ಬಿಯಲ್ಲಿ ಕುಲುಕುವ ಪೌಡರ್ ಕೋಟಿಂಗ್ ಮಾಡಿ. ವಾರಕ್ಕೆ ನೂರಿನ್ನೂರು ಗುಂಡು ಹೊಡೆಯುವವರಿಗೆ ಅದೇ ಸಲೀಸು. ಸಾವಿರಗಟ್ಟಲೆ ಬೇಕಾದಾಗ ಹೈ-ಟೆಕ್ ಯೋಚಿಸಬಹುದು. ಕುಲುಕುವ ವಿಧಾನದಲ್ಲಿ ಗುಂಡಿನ ತಳಕ್ಕೂ ಲೇಪ ಹತ್ತುತ್ತದೆ. ಗುಂಡುಗಳನ್ನು ನಿಲ್ಲಿಸಿ ಸ್ಪ್ರೇ ಗನ್ನಿನಿಂದ ಪುಡಿ ಹೊಡೆದರೆ ತಳ ಬೋಳಾಗಿ ಉಳಿಯುತ್ತದೆ. ಅರಿಜೋನಾದ ಒಣ ಹವೆಯಲ್ಲಿ ಎರಡು ನಿಮಿಷದಲ್ಲಿ ಹತ್ತಿದ ಪುಡಿ ನಿಮ್ಮ ಹ್ಯೂಸ್ಟನ್ನಿನ ತೇವದಲ್ಲಿ ಮಳೆಗಾಲದ ಉಪ್ಪಿನಂತೆ ಗಂಟುಕಟ್ಟಬಹುದು. ಪುಡಿಯ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಎಸಿ ಓಡುತ್ತಿರುವ ಒಣಗಿದ ಜಾಗದಲ್ಲಿ ಕುಲುಕಿ, ಮೂಗಿಗೆ ಸರಿಯಾದ ಮಾಸ್ಕ್ ಇರಲಿ. ಗ್ಲಾಕ್ ಪಿಸ್ತೂಲಿನ ಮಾದರಿಯ, ಒಳಮೈ ಬಹುಭುಜಾಕಾರವಿರುವ ಬ್ಯಾರೆಲ್ ನಿಮ್ಮದಾಗಿದ್ದರೆ, ತಯಾರಕರು ಸೀಸದ ಗುಂಡು ಬೇಡವೆಂದು ಕೈಪಿಡಿಯಲ್ಲೇ ಹೇಳಿದ್ದಾರೆ. ಲೇಪ ಹಚ್ಚಿದ ಮಾತ್ರಕ್ಕೆ ಆ ಸೂಚನೆ ರದ್ದಾಯಿತೆಂದು ನಾನು ಹೇಳಲಾರೆ.

ಪ್ರಶ್ನೆ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ): ನಮ್ಮ ಮನೆಯವರಿಗೂ ಇದೇ ಹುಚ್ಚು. ಗುಂಡಿಗೆ ಬಣ್ಣದ ಕೋಟಿಂಗ್ ಬಿದ್ದ ಮೇಲೆ ಸೀಸ ಒಳಗೆ ಮುಚ್ಚಿಹೋಯಿತು, ಇನ್ನು ಭಯವಿಲ್ಲ ಎನ್ನುತ್ತಾರೆ. ಅಡುಗೆಮನೆಯ ಒವನ್ನಿನಲ್ಲಿ ಒಮ್ಮೆ ಬೇಯಿಸಿಯೂ ಆಯಿತು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಅವರ ಮಾತು ನಿಜವೇ ಸರ್?

ಉತ್ತರ: ಅರ್ಧ ನಿಜ ಅಮ್ಮಾ, ಆ ಅರ್ಧವೂ ನಿಮ್ಮ ಮಗಳ ಪಾಲಿಗೆ ಸಾಲದು.

ಲೇಪದಿಂದ ಬೆರಳಿಗೆ ಹತ್ತುವ ಸೀಸ ಕಡಿಮೆಯಾಗುತ್ತದೆ, ಗುಂಡಿನ ತಳ ಮುಚ್ಚಿರುವುದರಿಂದ ಹಾರುವ ಸೀಸವೂ ತಗ್ಗುತ್ತದೆ. ಆದರೆ ಗುಂಡು ಹೊಡೆಯುವಾಗ ಗಾಳಿಗೆ ಸೇರುವ ಸೀಸದಲ್ಲಿ ದೊಡ್ಡ ಪಾಲು ಮದ್ದಿಗೆ ಕಿಡಿ ಹತ್ತಿಸುವ, ತೋಟೆಯ ಹಿಂಬದಿಯ ಪ್ರೈಮರಿನದು. ಅದರಲ್ಲಿ ಸಾಮಾನ್ಯವಾಗಿ ಇರುವುದು ಲೆಡ್ ಸ್ಟಿಫ್ನೇಟ್, ಅದಕ್ಕೆ ಯಾವ ಬಣ್ಣದ ಅಂಗಿಯೂ ಇಲ್ಲ. ಮನೆಯ ಮಟ್ಟಿಗೆ ಇನ್ನೂ ಮುಖ್ಯವಾದದ್ದು ಲೇಪಕ್ಕೆ ಮುಂಚಿನ ಹಂತ. ಸೀಸದ ಕಡಾಯಿಯನ್ನು ಹದವಾದ ಶಾಖದಲ್ಲಿ ಇಟ್ಟರೆ ಏಳುವ ಆವಿ ಕಡಿಮೆ; ಕಾಟ ಕೊಡುವುದು ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟ. ಅದನ್ನು ಚಮಚದಿಂದ ತೆಗೆದು ಡಬ್ಬಿಗೆ ತಟ್ಟಿದಾಗ ಏಳುವ ಧೂಳು ನೆಲಕ್ಕೆ, ಚಪ್ಪಲಿಗೆ, ಪ್ಯಾಂಟಿನ ಮಡಿಕೆಗೆ, ಅಲ್ಲಿಂದ ಮನೆಯ ರತ್ನಗಂಬಳಿಗೆ ಬರುತ್ತದೆ. ನಾಲ್ಕು ವರ್ಷದ ಮಗು ನೆಲದ ಮೇಲೆ ಕೂತು ಆಡಿ, ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ದೊಡ್ಡವರ ಹೊಟ್ಟೆಗಿಂತ ಮಕ್ಕಳ ಹೊಟ್ಟೆ ಸೀಸವನ್ನು ಬಹಳ ಹೆಚ್ಚಾಗಿ ಹೀರುತ್ತದೆ, ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ.

ಅಡುಗೆಯ ಒವನ್ನಿನಲ್ಲಿ ಇನ್ನು ಮುಂದೆ ಒಂದು ಗುಂಡೂ ಹೋಗಕೂಡದು. ಆ ಕೆಲಸಕ್ಕೆ ಬೇರೆ ಪುಟ್ಟ ಒಲೆ ಕೊಂಡು, ಮೇಲೆ ದೊಡ್ಡದಾಗಿ ‘ಊಟಕ್ಕಲ್ಲ’ ಎಂದು ಬರೆದು, ಗಾಳಿಯಾಡುವ ಜಾಗದಲ್ಲಿ ಇಡಲಿ. ಬಳಸಿಬಿಟ್ಟ ಒವನ್ನನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿ, ಆ ಬಟ್ಟೆಯನ್ನು ಬಿಸಾಡಿ. ಗ್ಯಾರೇಜನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಮಾಡಿ ಒರೆಸಿ. ನಿಮ್ಮವರು ಗ್ಯಾರೇಜಿನ ಬಟ್ಟೆ, ಚಪ್ಪಲಿಗಳನ್ನು ಅಲ್ಲಿಯೇ ಬಿಟ್ಟು, ಸಾಬೂನಿನಿಂದ ಕೈತೊಳೆದು ಒಳಗೆ ಬರುವುದು ಪೂಜೆಯ ಮಡಿಯಷ್ಟೇ ಕಟ್ಟುನಿಟ್ಟಾಗಿರಲಿ. ಕಡಾಯಿಯ ಪಕ್ಕದಲ್ಲಿ ಕಾಫಿ ಲೋಟ ಕಂಡರೆ ಜಗಳವಾಡಿ, ತಪ್ಪಿಲ್ಲ. ಎಲ್ಲಕ್ಕಿಂತ ಮೊದಲು ಮಕ್ಕಳ ವೈದ್ಯರಿಗೆ ವಿಷಯ ತಿಳಿಸಿ ಮಗಳ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸಿ, ನಿಮ್ಮವರೂ ಮಾಡಿಸಿಕೊಳ್ಳಲಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ ಮಕ್ಕಳಿಗೆ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಎಂಬ ಮಟ್ಟವನ್ನು ಗಮನಸೂಚಿಯಾಗಿ ಇಟ್ಟುಕೊಂಡಿದೆ. ಅದಕ್ಕಿಂತ ಕೆಳಗಿದ್ದರೆ ಸುರಕ್ಷಿತ ಎಂದು ಅದರ ಅರ್ಥವಲ್ಲ. ಮಕ್ಕಳಿಗೆ ಸುರಕ್ಷಿತವಾದ ಸೀಸದ ಮಟ್ಟ ಎಂಬುದೇ ಇಲ್ಲ.

ನಿಮ್ಮವರು ಬೇಟೆಗೂ ಹೋಗುವವರಾದರೆ ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಗುಂಡು ತಗುಲಿದ ಪ್ರಾಣಿಯ ಮಾಂಸದಲ್ಲಿ ಉಳಿಯುವ ಸೀಸದ ಚೂರುಗಳನ್ನು ತಿಂದು ಕಾಂಡೋರ್ ಎಂಬ ಅಲ್ಲಿನ ಮಹಾ ರಣಹದ್ದುಗಳು ಸಾಯುತ್ತಿದ್ದವು. 1987ರಲ್ಲಿ ಜಗತ್ತಿನಲ್ಲಿ ಉಳಿದಿದ್ದ ಕಾಂಡೋರ್‌ಗಳು ಕೇವಲ 27. ಗುಂಡು ಮಾಂಸದೊಳಗೆ ಒಡೆದಾಗ ಮೇಲಿನ ಬಣ್ಣ ಏನನ್ನೂ ತಡೆಯುವುದಿಲ್ಲ. ಲೇಪ ಹಚ್ಚಿದ ಸೀಸ ಕಾನೂನಿನ ಕಣ್ಣಿನಲ್ಲೂ ಸೀಸವೇ.

ಪ್ರಶ್ನೆ (ವಿರಾಜಪೇಟೆ, ಕೊಡಗು): ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೋವಿ ಇದೆ. ಲೈಸೆನ್ಸಿನಿಂದ ವಿನಾಯಿತಿಯೂ ಇದೆ. ಅಮೆರಿಕದವರಂತೆ ನಾವೂ ಗುಂಡು ಹೊಯ್ದು ಕೋಟಿಂಗ್ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ದೊರೆತಿರುವ, ಸದ್ಯ 2029ರವರೆಗೆ ವಿಸ್ತರಿಸಲಾಗಿರುವ ವಿನಾಯಿತಿ ನಿರ್ದಿಷ್ಟ ಬಗೆಯ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಮದ್ದುಗುಂಡು ತಯಾರಿಕೆಗೆ ಅದೇ ಕಾಯಿದೆಯ 5ನೆಯ ಸೆಕ್ಷನ್ ಪ್ರಕಾರ ಬೇರೆ ಪರವಾನಗಿ ಬೇಕು. ಅದಿಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ ಏಳು ವರ್ಷ. ಕೈಲ್ ಪೊಳ್ದಿಗೆ ಕೋವಿಗೆ ಹೂವಿಟ್ಟು ಪೂಜಿಸಿ, ತೋಟೆಯನ್ನು ಪರವಾನಗಿ ಪಡೆದ ಅಂಗಡಿಯಿಂದ ಕೊಳ್ಳಿ. ಅಜ್ಜನ ಕಾಲದ ಕೋವಿಯನ್ನು ಬಳಸುವ ಮುಂಚೆ ತಿಳಿದವರಿಗೆ ತೋರಿಸಿ. ತುಕ್ಕು ತಿಂದ ನಳಿಗೆಗೆ ಹೊಸ ತೋಟೆಯ ಒತ್ತಡ ಹೆಚ್ಚಾಗಬಹುದು.

ಪ್ರಶ್ನೆ (ಧಾರವಾಡ): ನಾನು ನಲವತ್ತು ವರ್ಷ ಮುದ್ರಣಾಲಯದಲ್ಲಿ ಮೊಳೆ ಜೋಡಿಸಿದವನು. ನಮ್ಮ ಅಚ್ಚುಮೊಳೆಯ ಸೀಸವನ್ನು ಅಮೆರಿಕದಲ್ಲಿ ಗುಂಡಿಗೆ ಬಳಸುತ್ತಾರೆ ಎಂದು ಕೇಳಿದ್ದೇನೆ. ಹಿಂದೆ ಗುಂಡಿಗೆ ಕಾಗದವನ್ನೇ ಲೇಪದಂತೆ ಸುತ್ತುತ್ತಿದ್ದರು ಎಂದೂ ಒಬ್ಬರು ಹೇಳಿದರು. ಎರಡೂ ನಿಜವೇ?

ಉತ್ತರ: ಎರಡೂ ನಿಜ, ನಿಮ್ಮಂಥವರಿಂದ ಈ ಪ್ರಶ್ನೆ ಬಂದದ್ದು ನನಗೆ ಖುಷಿ. ಸಾಲನ್ನೇ ಎರಕ ಹೊಯ್ಯುವ ಲಿನೋಟೈಪ್ ಯಂತ್ರ 1886ರಲ್ಲಿ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಕೆಲಸ ಆರಂಭಿಸಿತು. ಅದರ ಲೋಹದಲ್ಲಿ ಸೀಸ 84, ಆಂಟಿಮನಿ 12, ತವರ 4 ಪಾಲು. ಶುದ್ಧ ಸೀಸದ ಗಡಸನ್ನು ಬ್ರಿನೆಲ್ ಮಾನದಲ್ಲಿ 5 ಎಂದರೆ, ಇದರದ್ದು 22ರಷ್ಟು. ಅಕ್ಷರದ ಅಂಚು ಚೂಪಾಗಿ ಮೂಡಲೆಂದು ಬೆರೆಸಿದ ಲೋಹ ಗುಂಡಿನ ಅಚ್ಚನ್ನೂ ಅಷ್ಟೇ ಚೂಪಾಗಿ ತುಂಬುತ್ತದೆ. ಆಫ್‌ಸೆಟ್ ಬಂದು ಮೊಳೆಗಳು ಗುಜರಿಗೆ ಬಿದ್ದಾಗ ಅಲ್ಲಿನ ಹವ್ಯಾಸಿಗಳು ಅದನ್ನು ಬಾಚಿಕೊಂಡರು. ಈಗ ಪೌಡರ್ ಕೋಟಿಂಗ್ ಬಂದ ಮೇಲೆ ಮೆತ್ತನೆಯ ಸೀಸವೂ ಪಿಸ್ತೂಲಿಗೆ ಸಾಕಾಗಿ, ಅಷ್ಟು ಗಡಸು ಲೋಹಕ್ಕಾಗಿ ಹುಡುಕಾಡುವ ಅಗತ್ಯ ಕಡಿಮೆಯಾಗಿದೆ. ನೀವು ಬರಿಗೈಯಲ್ಲಿ ಮೊಳೆ ಹಿಡಿದು ಅದೇ ಕೈಯಲ್ಲಿ ಗಿರ್ಮಿಟ್ಟು ತಿಂದ ದಿನಗಳು ನೆನಪಾಗಿರಬಹುದು. ಮೇಲಿನ ಉತ್ತರವನ್ನು ಓದಿ ಗಾಬರಿಯಾಗುವ ಬದಲು ಮುಂದಿನ ಸಲ ವೈದ್ಯರ ಬಳಿ ಹೋದಾಗ ಆ ಕೆಲಸದ ವಿಷಯ ತಿಳಿಸಿ.

ಕಾಗದದ ಕತೆಗೆ ನಮ್ಮ ದೇಶದ ನಂಟೂ ಇದೆ. 1857ರ ಎನ್‌ಫೀಲ್ಡ್ ಕೋವಿಯ ತೋಟೆಯಲ್ಲಿ ಗುಂಡಿನ ಸುತ್ತ ಇದ್ದದ್ದು ಕಾಗದವೇ. ಆ ಕಾಗದದ ಹೊರಮೈಗೆ ಸವರಿದ ಕೊಬ್ಬು ಮತ್ತು ಜೇನುಮೇಣದ ಜಿಡ್ಡು, ಸೀಸ ನಳಿಗೆಗೆ ಮೆತ್ತದಂತೆ ತಡೆಯುವ ಲೇಪವಾಗಿತ್ತು. ಆ ಕೊಬ್ಬು ಹಸುವಿನದೋ ಹಂದಿಯದೋ ಎಂಬ ಶಂಕೆಯಿಂದ ಏನಾಯಿತೆಂಬುದನ್ನು ನೀವೇ ಎಷ್ಟೋ ಪಠ್ಯಪುಸ್ತಕಗಳಿಗೆ ಜೋಡಿಸಿರುತ್ತೀರಿ. ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದು ಆ ಜನವರಿಯಲ್ಲೇ ಅಪ್ಪಣೆಯಾಯಿತು, ಆದರೆ ಶಂಕೆ ಅಷ್ಟು ಹೊತ್ತಿಗೆ ದಂಡುಗಳಲ್ಲೆಲ್ಲ ಹರಡಿತ್ತು.

ಅಮೆರಿಕದಲ್ಲಿ ಕಾಗದ ಸುತ್ತುವ ಕೌಶಲ 1870ರ ದಶಕದ ದೂರಗುರಿಯ ಪಂದ್ಯಗಳಲ್ಲಿ ತುದಿ ಮುಟ್ಟಿತು. ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ 1874ರಲ್ಲಿ ಅಮೆರಿಕನ್ನರು ಐರಿಷ್ ತಂಡವನ್ನು 934ಕ್ಕೆ 931 ಅಂಕಗಳಿಂದ ಸೋಲಿಸಿದ್ದು ಆ ಕಾಲದ ದೊಡ್ಡ ಸುದ್ದಿ. ಈಗಲೂ ಹಳೆಯ ಮಾದರಿಯ ರೈಫಲ್ ಬಳಸುವ ಕೆಲವರು ಇದನ್ನು ಉಳಿಸಿಕೊಂಡಿದ್ದಾರೆ. ಹತ್ತಿಯ ನಾರಿನ ತೆಳುಕಾಗದವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಎರಡು ಸುತ್ತು ಬಂದು ತುದಿಗಳು ಒಂದರ ಮೇಲೊಂದು ಏರದಂತೆ ಓರೆಯಾಗಿ ಕತ್ತರಿಸಿ, ನೀರಿನಲ್ಲಿ ನೆನೆಸಿ, ಬೆರಳಿನಿಂದ ಗುಂಡಿಗೆ ಉರುಳಿಸಿ, ಬಾಲವನ್ನು ತಳಕ್ಕೆ ತಿರುಚುತ್ತಾರೆ. ಆರಿದಾಗ ಕಾಗದ ಕುಗ್ಗಿ ಡೋಲಿನ ಚರ್ಮದಂತೆ ಬಿಗಿಯುತ್ತದೆ. ಸೀಸ ನಳಿಗೆಯ ಉಕ್ಕನ್ನು ಮುಟ್ಟುವುದೇ ಇಲ್ಲ. ನಳಿಗೆಯೊಳಗಿನ ಸುರುಳಿ ಗೀರುಗಳು ಕಾಗದವನ್ನು ಕೊಯ್ದಿಟ್ಟಿರುತ್ತವೆ, ಬಾಯಿ ದಾಟಿದ ಕೂಡಲೇ ಅದು ಚೂರುಚೂರಾಗಿ ಉದುರುತ್ತದೆ. ಅನುಭವಸ್ಥರು ಗುಂಡು ಹೊಡೆದ ಮೇಲೆ ಗುರಿಹಲಗೆಯ ಕಡೆಗೆ ಹೋಗುವ ಮುಂಚೆ ನಾಲ್ಕು ಹೆಜ್ಜೆ ಮುಂದೆ ಬಗ್ಗಿ ಆ ಚೂರುಗಳನ್ನು ಹೆಕ್ಕುತ್ತಾರೆ. ಅಂಚು ನೇರವಾಗಿ ಸೀಳಿದ್ದರೆ ಸುತ್ತಿದ್ದು ಸರಿ. ಸುಟ್ಟ ಕಲೆಯಿದ್ದರೆ ಅನಿಲ ನುಗ್ಗಿದೆ, ಎಂದರೆ ಗುಂಡು ಮತ್ತೆ ಒಂದು ಥೌ ಸಣ್ಣದಾಗಿದೆ.